ಫೋನು ಕಿತ್ತುಕೊಂಡರೆ ಮುಗಿಯಿತೇ?

ಮೂಡಿಗೆರೆ ಕಡೆಯ ಯಾವ ಮದುವೆಮನೆಗೆ ಹೋದರೂ ಈಗ ಊಟದ ಪಂಕ್ತಿಯಲ್ಲಿ ಒಂದು ಮಾತು ಕಿವಿಗೆ ಬೀಳುತ್ತದೆ: ‘ಇವನು ಗೇಮ್ ಆಡಿ ಆಡಿ ಹಾಳಾದ.’ ಹುಡುಗ ಪಕ್ಕದಲ್ಲೇ ಕೂತಿರುತ್ತಾನೆ. ಹೇಳಿದವರು ಕೈ ತೊಳೆದವರೇ ಫೋನು ತೆಗೆದು ಕಾಫಿ ರೇಟು ನೋಡುತ್ತಾರೆ. ನಾನೂ ಆ ಪೈಕಿಯವನೇ.

ಕಳಸದ ಹತ್ತಿರವಿರುವ ಅಕ್ಕನ ಮನೆಯಲ್ಲಿ ಅವಳ ಮಗನ ಫೋನು ಕಿತ್ತುಕೊಂಡವನು ನಾನು. ಜುಲೈ ತಿಂಗಳ ಮಳೆ. ರಾತ್ರಿ ಮೂರರವರೆಗೂ ಆಡುತ್ತಾನೆಂದು ಅಕ್ಕ ಅತ್ತಿದ್ದಳು. ಫೋನು ಬೀರುವಿಗೆ ಸೇರಿತು, ನಾನು ಗೆದ್ದೆ ಅಂದುಕೊಂಡೆ. ಮೂರನೇ ದಿನ ಹುಡುಗ ಊಟ ಬಿಟ್ಟ. ಆಮೇಲೊಂದು ಸಂಜೆ ಜಗಲಿಯಲ್ಲಿ ಕೂತು ಹೇಳಿದ: ‘ಮಾವ, ಅಲ್ಲಿ ಸೋತರೆ ಇನ್ನೊಂದು ಸಲ ಆಡಬಹುದು.’ ಕಾಲೇಜಿನಲ್ಲಿ ಎರಡು ವಿಷಯ ಫೇಲಾಗಿದ್ದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಪ್ಪನ ಸಾಲ ಮಾತ್ರ ಅವನಿಗೆ ಪೈಸೆ ಪೈಸೆ ಗೊತ್ತಿತ್ತು. ನಿದ್ದೆ ಕೆಟ್ಟಿದ್ದು ಮೊದಲು, ಆಟ ಬಂದಿದ್ದು ಆಮೇಲೆ.

ಆಟಗಳು ಅಮಾಯಕವೆಂದು ನಾನು ಹೇಳುತ್ತಿಲ್ಲ. ದಿನಾ ಬಂದರೆ ಬಹುಮಾನ, ಇವತ್ತು ಬಿಟ್ಟರೆ ನಷ್ಟ, ಗೆಲುವು ಯಾವಾಗ ಬರುತ್ತದೋ ತಿಳಿಯದ ಆಸೆ. ಎದ್ದು ಹೋಗದಂತೆ ಹೂಡಿದ ಬಲೆ ಅದು. ಒತ್ತಡ ಮರೆಯಲು ಆಡುತ್ತಾರೆ, ಆಡಿ ನಿದ್ದೆಗೆಡುತ್ತಾರೆ, ನಿದ್ದೆಗೆಟ್ಟು ಇನ್ನಷ್ಟು ಒತ್ತಡಕ್ಕೆ ಬೀಳುತ್ತಾರೆ. ಹಣ ಕಟ್ಟುವ ಆಟಗಳಂತೂ ಮನೆಗಳನ್ನೇ ನುಂಗಿವೆ. ಅವನ್ನು ತಡೆಯಲು ಕರ್ನಾಟಕ 2021ರಲ್ಲಿ ತಂದ ಕಾನೂನನ್ನು ಹೈಕೋರ್ಟು 2022ರ ಫೆಬ್ರವರಿಯಲ್ಲಿ ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತೇ ನಿಷೇಧದ ಕಾಯಿದೆ ಮಾಡಿತು. ಮಾಡಬೇಕಾದ್ದೇ. ಆದರೆ ಹುಡುಗನಿಗೆ ಯಾಕೆ ನಿದ್ದೆ ಬರುತ್ತಿಲ್ಲ ಎಂದು ಕಾಯಿದೆ ಕೇಳುವುದಿಲ್ಲ. ಅದನ್ನು ಮನೆಯವರೇ ಕೇಳಬೇಕು.

ನಾವು ಕೇಳುವುದಿಲ್ಲ. ‘ನಮ್ಮ ಕಾಲದಲ್ಲಿ ಹಳ್ಳದಲ್ಲಿ ಮೀನು ಹಿಡೀತಿದ್ವಿ’ ಎಂದು ಶುರು ಮಾಡುತ್ತೇವೆ. ಆನೆ ಓಡಾಡುತ್ತದೆಂದು ಸಂಜೆ ಅಂಗಳ ದಾಟಲು ಬಿಡದವರು ಯಾರು? 2020ರಲ್ಲಿ ಆನ್‌ಲೈನ್ ಪಾಠಕ್ಕೆಂದು ಫೋನು ಕೊಟ್ಟು, ನೆಟ್‌ವರ್ಕ್ ಹುಡುಕಲು ಗುಡ್ಡ ಹತ್ತಿಸಿದವರು ಯಾರು? ಮಾರ್ಚಿನಲ್ಲಿ ಹೂಮಳೆ ಬರುತ್ತದೋ ಇಲ್ಲವೋ ಎಂದು ವರ್ಷದ ಬದುಕನ್ನೇ ಪಣಕ್ಕಿಟ್ಟು, ಆ ಸಿಡುಕನ್ನೆಲ್ಲ ಮನೆಯೊಳಗೆ ಸುರಿಯುವವರೂ ನಾವೇ. ನಮ್ಮ ಚಡಪಡಿಕೆಗೆ ಕೃಷಿಯ ಕಷ್ಟ ಎಂಬ ಮರ್ಯಾದೆಯ ಹೆಸರಿದೆ. ಅವನದಕ್ಕೆ ಚಟ ಎಂಬ ಹೆಸರು.

ಆಡುವವರೆಲ್ಲ ರೋಗಿಗಳಲ್ಲ. ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಹಾನಿ ಕಣ್ಣಿಗೆ ಕಂಡರೂ ಬಿಡಲಾಗದಿರುವುದು, ಇವು ಸಾಮಾನ್ಯವಾಗಿ 12 ತಿಂಗಳು ಮುಂದುವರಿದರೆ ಮಾತ್ರ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕಾಯಿಲೆ ಎನ್ನುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಇಂಥವರಿಗಾಗಿಯೇ 2014ರಲ್ಲಿ ಚಿಕಿತ್ಸಾ ಕೇಂದ್ರ ತೆರೆಯಿತು. ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಲು ಕಾಸು ಬೇಕಿಲ್ಲ, ಘಟ್ಟ ಇಳಿಯಬೇಕಿಲ್ಲ. ಮಂಡಿನೋವಿಗೆ ಮಂಗಳೂರಿಗೆ ಓಡುವ ನಾವು ಮನಸ್ಸಿನ ನೋವಿಗೆ ಮಾತ್ರ ಬಾಗಿಲು ಹಾಕಿಕೊಳ್ಳುತ್ತೇವೆ.

ಅಕ್ಕನ ಮಗ ಈಗಲೂ ಆಡುತ್ತಾನೆ, ಮೊದಲಿನಷ್ಟಲ್ಲ. ಎರಡು ಪೇಪರಿನ ಸಂಗತಿ ಮನೆಯವರಿಗೆ ಗೊತ್ತಾದ ರಾತ್ರಿ ಅವನು ಬೇಗ ಮಲಗಿದನಂತೆ. ಬೀರುವಿಗೆ ಬೀಗ ಹಾಕಿ ನಾನು ಸಾಧಿಸಿದ್ದು ಏನೂ ಇಲ್ಲ. ಮೊದಲ ದಿನವೇ ಪಕ್ಕದಲ್ಲಿ ಕೂತು ಕೇಳಬೇಕಿತ್ತು.