ಹ್ಯಾಂಡಲ್ ಸಿಕ್ಕಿದೆ ಅಂದ್ರೆ ಏನು ಸಿಕ್ಕಿದೆ?

ಮಂಗನ ಕಾಯಿಲೆ ಕಾಣಿಸಿಕೊಂಡಿದ್ದ ಒಂದು ಬೇಸಿಗೆ. ಕಚೇರಿಯೊಂದರಿಂದ ಇಂಗ್ಲಿಷ್ ಪ್ರಕಟಣೆ ಬಂತು. ಅದರಲ್ಲಿ 'ವಿ ಆರ್ ಗೆಟ್ಟಿಂಗ್ ಎ ಹ್ಯಾಂಡಲ್ ಆನ್ ಇಟ್' ಅಂತ ಒಂದು ಸಾಲು. ರಾತ್ರಿ ಸುದ್ದಿ ಕಳಿಸುವ ಅವಸರದಲ್ಲಿ ನಾವು 'ಕಾಯಿಲೆ ಹತೋಟಿಗೆ ಬರುತ್ತಿದೆ' ಎಂದು ಬರೆದುಬಿಟ್ಟೆವು. ಬೆಳಿಗ್ಗೆ ಓದುಗರೊಬ್ಬರ ಫೋನ್: 'ಹತೋಟಿಗೆ ಬಂತಂತಲ್ಲ ಸರ್, ಹಂಗಾದ್ರೆ ಸೊಪ್ಪಿಗೆ ಹೋಗಬಹುದಾ?'

ಏನು ಹೇಳಬೇಕೋ ತೋಚಲಿಲ್ಲ. ಕಚೇರಿಯವರನ್ನು ಕೇಳಿದೆವು. ಯಾವ ಊರಿನ ಹತ್ತಿರ ಎಷ್ಟು ಮಂಗ ಸತ್ತಿವೆ ಎಂಬ ಲೆಕ್ಕ ಈಗ ಸಿಗುತ್ತಿದೆ ಎಂದರು. ಅಷ್ಟೇ!

ಹ್ಯಾಂಡಲ್ ಅಂದರೆ ಹಿಡಿಕೆ. ಇಂಗ್ಲಿಷಿನವರು ಒಂದು ವಿಷಯ ಅರ್ಥವಾಗತೊಡಗಿದರೂ ಈ ಮಾತು ಹೇಳುತ್ತಾರೆ, ಅದು ಕೈಗೆ ಬಗ್ಗತೊಡಗಿದರೂ ಇದನ್ನೇ ಹೇಳುತ್ತಾರೆ. ನಮ್ಮಲ್ಲೂ 'ಹಿಡಿತ' ಹಾಗೆಯೇ. ಲೆಕ್ಕದ ಮೇಲೆ ಹಿಡಿತ ಇದೆ ಎಂದರೆ ಚೆನ್ನಾಗಿ ಗೊತ್ತು ಎಂದು, ಊರಿನ ಮೇಲೆ ಹಿಡಿತ ಇದೆ ಎಂದರೆ ಬೇರೆಯೇ! ಆದರೆ ಕಾಯಿಲೆ 'ಹತೋಟಿಗೆ ಬರುತ್ತಿದೆ' ಎಂದರೆ ಎರಡು ಅರ್ಥವಿಲ್ಲ. ನಾವು ತಪ್ಪಿದ್ದು ಅಲ್ಲಿ.

ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು. ವೈರಸ್ ಯಾವುದು, ಉಣುಗು ಕಚ್ಚಿ ಹೇಗೆ ಬರುತ್ತದೆ, ಮಂಗ ಸತ್ತ ಜಾಗಕ್ಕೆ ಯಾಕೆ ಹೋಗಬಾರದು, ಎಲ್ಲವೂ ಬಹಳ ಹಿಂದೆಯೇ ತಿಳಿದಿದೆ. ಹಾಗಿದ್ದೂ ಇದಕ್ಕೆಂದೇ ಔಷಧಿ ಇಲ್ಲ. ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು ನಿಂತಿತು. ಕಾಯಿಲೆ ಕೇರಳ, ಗೋವಾ, ಮಹಾರಾಷ್ಟ್ರದಲ್ಲೂ ಕಾಣಿಸಿಕೊಂಡಿದೆ. ತಿಳಿಯುವುದಕ್ಕೂ ತಡೆಯುವುದಕ್ಕೂ ನಡುವೆ ಇಷ್ಟು ವರ್ಷ ಬಿದ್ದಿದೆ. ಅದನ್ನು ಒಂದೇ ಮಾತಿನಲ್ಲಿ ಮುಚ್ಚುವ ಪ್ರಕಟಣೆ ಕಚೇರಿಗೆ ಅನುಕೂಲ, ಕಾಡಂಚಿನ ಮನೆಯವರಿಗಲ್ಲ.

ಪ್ರಕಟಣೆ ಬರೆಯುವವರು ಬೇಕೆಂದೇ ಹಾಗೆ ಬರೆಯುತ್ತಾರೆ ಎಂದು ನಾವು ಹೇಳುವುದಿಲ್ಲ. ಆದರೆ ವರದಿಗಾರರಾದ ನಾವು ಒಂದು ಫೋನ್ ಮಾಡಿ 'ಗೊತ್ತಾಗಿದೆಯೋ, ನಿಂತಿದೆಯೋ?' ಎಂದು ಕೇಳಲೇಬೇಕು. ಉತ್ತರ ಬರದಿದ್ದರೆ ಉತ್ತರ ಬಂದಿಲ್ಲ ಎಂದೇ ಬರೆಯಬೇಕು. ಡೆಸ್ಕಿನವರು ಬೈದರೆ ಬೈಯಲಿ.

ಆ ಓದುಗರಿಗೆ ವಾಪಸ್ ಫೋನ್ ಮಾಡಿದೆವು. 'ಈಗ ಬೇಡ ಅಕ್ಕ, ನಾವು ಬರೆದದ್ದು ತಪ್ಪು' ಎಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಕೇಳಿದರು: 'ಮತ್ತೆ ಕೊಟ್ಟಿಗೆಗೆ ಏನು ಹಾಸ್ಲಿ?'