ಸುಣ್ಣದ ಗುಳಿಗೆಯ ಲೆಕ್ಕ

ಮೈಸೂರಿನ ಮೇಟಗಳ್ಳಿಯಲ್ಲಿ ನಮ್ಮ ನೆರೆಮನೆಯ ಗೃಹಿಣಿಯೊಬ್ಬರು ಒಂದು ಸಂಜೆ ಎರಡು ಸೀಸೆಗಳನ್ನು ಹಿಡಿದುಕೊಂಡು ನಮ್ಮಲ್ಲಿಗೆ ಬಂದರು. ಬೊಜ್ಜನ್ನು ಇಳಿಸುವ ಸಲುವಾಗಿ ಅವರಿಗೆ ಎರಡು ವರ್ಷಗಳ ಹಿಂದೆ ಜಠರದ ಶಸ್ತ್ರಚಿಕಿತ್ಸೆಯಾಗಿತ್ತು. ಒಂದು ಸೀಸೆಯ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿಲಿಗ್ರಾಂ ಎಂದೂ ಇನ್ನೊಂದರ ಮೇಲೆ ಕ್ಯಾಲ್ಸಿಯಂ ಸಿಟ್ರೇಟ್ 1000 ಮಿಲಿಗ್ರಾಂ ಎಂದೂ ಅಚ್ಚಾಗಿದ್ದಿತು. “ಮೇಷ್ಟ್ರೇ, ಡಾಕ್ಟರು ಬರೆದುಕೊಟ್ಟದ್ದು ಎರಡನೆಯದು. ಅಂಗಡಿಯವರು ಮೊದಲನೆಯದರಲ್ಲೇ ಕ್ಯಾಲ್ಸಿಯಂ ಹೆಚ್ಚು, ಬೆಲೆಯೂ ಕಡಿಮೆ ಅಂತಾರೆ. ಯಾವುದನ್ನು ತಗೊಳ್ಳಲಿ?” ಎಂದು ಅವರು ಕೇಳಿದರು.

ನಾನು ವೈದ್ಯನಲ್ಲ, ಭೌತವಿಜ್ಞಾನದ ಅಧ್ಯಾಪಕ. ಆದರೆ ಈ ಪ್ರಶ್ನೆಯ ಅರ್ಧಭಾಗವು ನಮ್ಮ ವಿದ್ಯಾರ್ಥಿಗಳು ತರಗತಿಯಲ್ಲಿ ಮಾಡುವ ಲೆಕ್ಕವೇ ಆಗಿದೆ. ಕ್ಯಾಲ್ಸಿಯಂ ಕಾರ್ಬೊನೇಟಿನ ಅಣುತೂಕ 100. ಅದರಲ್ಲಿ ಕ್ಯಾಲ್ಸಿಯಮ್ಮಿನ ಪಾಲು 40. ಆದಕಾರಣ 1250 ಮಿಲಿಗ್ರಾಂ ಕಾರ್ಬೊನೇಟಿನಲ್ಲಿರುವ ಕ್ಯಾಲ್ಸಿಯಂ 500 ಮಿಲಿಗ್ರಾಂ. ನೀರಿನ ನಾಲ್ಕು ಅಣುಗಳನ್ನು ಕೂಡಿಕೊಂಡ ಕ್ಯಾಲ್ಸಿಯಂ ಸಿಟ್ರೇಟಿನ ಅಣುತೂಕ ಸುಮಾರು 570. ಅದರಲ್ಲಿ ಕ್ಯಾಲ್ಸಿಯಂ 120, ಎಂದರೆ ಶೇಕಡ 21. ಅದರ 1000 ಮಿಲಿಗ್ರಾಂ ಗುಳಿಗೆಯಲ್ಲಿ ದೊರೆಯುವುದು 210 ಮಾತ್ರ. ಇಷ್ಟರಮಟ್ಟಿಗೆ ಅಂಗಡಿಯವರ ಮಾತು ಸರಿ.

ಆದರೆ ನುಂಗಿದ್ದೆಲ್ಲವೂ ಮೈಗೆ ದಕ್ಕುವುದಿಲ್ಲ. ಕಾರ್ಬೊನೇಟ್ ಎಂದರೆ ಸೀಮೆಸುಣ್ಣದ ಜಾತಿಯ ವಸ್ತು. ಬರಿಯ ನೀರಿನಲ್ಲಿ ಅದು ಕರಗುವುದೇ ಇಲ್ಲವೆನ್ನಬಹುದು. ಜಠರದ ಹೈಡ್ರೋಕ್ಲೋರಿಕ್ ಆಮ್ಲ ಅದನ್ನು ಕರಗಿಸಬೇಕು. ಬೈಪಾಸ್ ಎಂಬ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಮೇಲ್ತುದಿಯಿಂದ ಸುಮಾರು 30 ಮಿಲಿಲೀಟರಿನಷ್ಟೇ ಹಿಡಿಸುವ ಪುಟ್ಟ ಚೀಲವನ್ನು ಮಾಡಿ, ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಆಮ್ಲವನ್ನು ಸ್ರವಿಸುವ ಜಠರದ ಬಹುಭಾಗವೂ, ಕ್ಯಾಲ್ಸಿಯಮ್ಮನ್ನು ಚೆನ್ನಾಗಿ ಹೀರುವ ಕರುಳಿನ ಮೊದಲ ಭಾಗವೂ ಆಹಾರದ ದಾರಿಯಿಂದ ಹೊರಗುಳಿಯುತ್ತವೆ. ಸಿಟ್ರೇಟಿಗಾದರೋ ಆಮ್ಲದ ಹಂಗು ಬಹಳ ಕಡಿಮೆ.

ಅಮೆರಿಕದ ರಾಬರ್ಟ್ ರೆಕರ್ ಎಂಬ ವೈದ್ಯರು 1985ರಲ್ಲಿ, ಜಠರದಲ್ಲಿ ಆಮ್ಲವೇ ಹುಟ್ಟದ ರೋಗಿಗಳಿಗೆ ಬರಿಹೊಟ್ಟೆಯಲ್ಲಿ ಎರಡು ಲವಣಗಳನ್ನೂ ಕೊಟ್ಟು ನೋಡಿದರು. ಕಾರ್ಬೊನೇಟಿನಿಂದ ದೇಹ ಹೀರಿದ ಕ್ಯಾಲ್ಸಿಯಂ ಸುಮಾರು ಶೇಕಡ 4, ಸಿಟ್ರೇಟಿನಿಂದ ಶೇಕಡ 45. ಊಟದೊಡನೆ ಕೊಟ್ಟಾಗ ಕಾರ್ಬೊನೇಟೂ ಚೆನ್ನಾಗಿಯೇ ಹೀರಲ್ಪಟ್ಟಿತು. ಆದ್ದರಿಂದ ಕಾರ್ಬೊನೇಟನ್ನು ವಿಷವೆಂದು ತಿಳಿಯಬೇಕಾಗಿಲ್ಲ. ಅದನ್ನು ಊಟದೊಡನೆಯೇ ಸೇವಿಸಬೇಕು. ಶಸ್ತ್ರಚಿಕಿತ್ಸೆಯಾದವರ ಊಟವೋ ನಾಲ್ಕು ತುತ್ತು. ವೈದ್ಯರು ಸಾಮಾನ್ಯವಾಗಿ ಸಿಟ್ರೇಟನ್ನು ಆರಿಸುವುದು ಇದರಿಂದಲೇ.

“ಹಾಗಾದರೆ ರಾಗಿ ಮುದ್ದೆ ಸಾಲದೇ?” ಎಂದು ಮೈಸೂರು ಸೀಮೆಯವರಾದ ಆಕೆ ಕೇಳಿದ್ದು ಸಹಜವೇ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಇಂಥ ಶಸ್ತ್ರಚಿಕಿತ್ಸೆಯಾದವರಿಗೆ ಆಹಾರ, ಗುಳಿಗೆ ಎರಡೂ ಸೇರಿ ದಿನಕ್ಕೆ 1200ರಿಂದ 1500 ಮಿಲಿಗ್ರಾಂ ಬೇಕೆಂದು ತಜ್ಞರು ಹೇಳುತ್ತಾರೆ. ರಾಗಿಯೊಂದರಿಂದಲೇ ಇದನ್ನು ಪೂರೈಸಲು ಕಾಲು ಕಿಲೋಗ್ರಾಮಿಗೂ ಮಿಕ್ಕ ಹಿಟ್ಟು ಬೇಕು; ಆ ಪುಟ್ಟ ಚೀಲದಲ್ಲಿ ಅದಕ್ಕೆ ಜಾಗವೆಲ್ಲಿ? ರಾಗಿಯಲ್ಲಿರುವ ಫೈಟೇಟ್ ಕೂಡ ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಳ್ಳುತ್ತದೆ.

ಇದರಲ್ಲಿ ಅಲಕ್ಷ್ಯ ಮಾಡಿದರೆ ಅಪಾಯವು ಒಡನೆಯೇ ಕಾಣುವುದಿಲ್ಲ. ನಮ್ಮ ದೇಹದ ಕ್ಯಾಲ್ಸಿಯಮ್ಮಿನಲ್ಲಿ ಶೇಕಡ 99ರಷ್ಟು ಮೂಳೆ ಹಲ್ಲುಗಳಲ್ಲಿದೆ. ರಕ್ತದಲ್ಲಿ ಅದು ತುಸು ತಗ್ಗಿದರೂ ಪ್ಯಾರಾಥೈರಾಯ್ಡ್ ಗ್ರಂಥಿಗಳು ಮೂಳೆಯಿಂದ ತೆಗೆಸಿ ಕೊರತೆಯನ್ನು ತುಂಬಿಸುತ್ತವೆ. ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಾಗಿಯೇ ಇದ್ದು, ಒಳಗೆ ಮೂಳೆ ಸವೆಯುತ್ತಿರಬಹುದು. ಅದಕ್ಕಾಗಿಯೇ ವೈದ್ಯರು ಆ ಗ್ರಂಥಿಯ ಹಾರ್ಮೋನನ್ನೂ, ಕ್ಯಾಲ್ಸಿಯಂ ಹೀರಿಕೆಗೆ ಅಗತ್ಯವಾದ ಡಿ ಜೀವಸತ್ವವನ್ನೂ ಅಳೆಯಿಸುತ್ತಾರೆ.

ನನ್ನ ಅಭಿಪ್ರಾಯ ಇಷ್ಟು: ವೈದ್ಯರು ಬರೆದ ಲವಣವನ್ನು ಬೆಲೆಗಾಗಲಿ ದೊಡ್ಡ ಅಂಕಿಗಾಗಲಿ ಮರುಳಾಗಿ ಬದಲಿಸಬಾರದು. ಸಿಟ್ರೇಟಿಗೆ ಖರ್ಚು ಹೆಚ್ಚು, ಗುಳಿಗೆಗಳ ಸಂಖ್ಯೆಯೂ ಹೆಚ್ಚು. ಅದು ಕಷ್ಟವೆನಿಸಿದರೆ ವೈದ್ಯರನ್ನೇ ಕೇಳಬೇಕು. ಔಷಧ ತಯಾರಕರು ಲವಣದ ತೂಕವನ್ನು ದಪ್ಪಕ್ಷರದಲ್ಲಿ ಮೆರೆಸುವುದನ್ನು ಬಿಟ್ಟು, ಅದರಲ್ಲಿರುವ ಶುದ್ಧ ಕ್ಯಾಲ್ಸಿಯಮ್ಮಿನ ತೂಕವನ್ನು ಎದ್ದುಕಾಣುವಂತೆ, ಕನ್ನಡದಲ್ಲಿಯೂ ಅಚ್ಚುಮಾಡಬೇಕು. ಅಲ್ಲಿಯವರೆಗೆ, ವಿದ್ಯಾರ್ಥಿಮಿತ್ರರೇ, ಮನೆಯ ಹಿರಿಯರಿಗಾಗಿ ಚೀಟಿಯನ್ನು ಓದಿ ಲೆಕ್ಕ ಹಾಕಿಕೊಡುವ ಕೆಲಸ ನಿಮ್ಮದು. ಒಂದು ಹೊತ್ತಿಗೆ 500-600 ಮಿಲಿಗ್ರಾಂ ಕ್ಯಾಲ್ಸಿಯಂ ಮೀರದಂತೆ ಪಾಲುಮಾಡಿ ಕೊಡಿ. ಕಬ್ಬಿಣದ ಗುಳಿಗೆಗೂ ಇದಕ್ಕೂ ನಡುವೆ ಎರಡು ಗಂಟೆಯ ಅಂತರವಿರಲಿ.

ನಮ್ಮ ನೆರೆಯವರು ಮರುದಿನ ಮೊದಲನೆಯ ಸೀಸೆಯನ್ನು ಅಂಗಡಿಗೆ ಹಿಂದಿರುಗಿಸಿದರು. ಎರಡನೆಯದರ ಮೇಲೆ ಅವರ ಮಗಳು ‘ಒಂದಕ್ಕೆ 210’ ಎಂದು ದೊಡ್ಡದಾಗಿ ಬರೆದಿದ್ದಾಳೆ.