ಮಗ್ಗದ ಗುಂಡಿಯಲ್ಲಿ ಕಲಿಯುವವರಿಗೂ ವಿದ್ಯಾರ್ಥಿವೇತನ
ತೆಲಂಗಾಣದ ಗದ್ವಾಲ್ ಸೀರೆಯ ಒಡಲು ಹತ್ತಿ, ಅಂಚು-ಸೆರಗು ರೇಷ್ಮೆ. ಈ ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಬೆಸೆಯಲು ಒಂದೇ ಮಗ್ಗದ ಮುಂದೆ ಸಾಮಾನ್ಯವಾಗಿ ಇಬ್ಬರು ಕೂರಬೇಕು. ಆ ಹದ ವರ್ಷಗಟ್ಟಲೆ ಲಾಳಿ ಹಿಡಿದರಷ್ಟೇ ಕೈಗೆ ಹತ್ತುತ್ತದೆ. ಅಲ್ಲಿಯವರೆಗೆ ಹೊಟ್ಟೆಗೇನು? ಉತ್ತರ ಸಿಗದ ಹುಡುಗರು ಹೈದರಾಬಾದಿನ ಬಸ್ಸು ಹತ್ತುತ್ತಾರೆ. ನೇಕಾರರ ಮಕ್ಕಳು ಜವಳಿ ಡಿಪ್ಲೊಮಾ, ಪದವಿ ಓದಲು ಕೇಂದ್ರ ಸರ್ಕಾರ ವರ್ಷಕ್ಕೆ 2 ಲಕ್ಷ ರೂಪಾಯಿವರೆಗೆ ವಿದ್ಯಾರ್ಥಿವೇತನ ಕೊಡುತ್ತದೆ. ಅದು ಕಾಲೇಜು ಮೆಟ್ಟಿಲು ಹತ್ತಿದವರಿಗೆ. ಅಪ್ಪನ ಪಕ್ಕದಲ್ಲಿ, ಮಗ್ಗದ ಗುಂಡಿಯಲ್ಲೇ ಕಲಿಯುವ ಮಗ-ಮಗಳಿಗೂ ತಿಂಗಳ ವೇತನ ಬೇಕು, ಕಲಿಸುವ ಹಿರಿಯರಿಗೆ ಗೌರವಧನ ಬೇಕು. ಗದ್ವಾಲ್ ಸೀರೆಗೂ ಅದೇ ರಾಜ್ಯದ ನಾರಾಯಣಪೇಟೆ ಸೀರೆಗೂ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಇದೆ. ನೇಯುವವರೇ ಇಲ್ಲದ ಮೇಲೆ ಆ ಮಾನ್ಯತೆ ಯಾರಿಗೆ? ಸರ್ಕಾರ ಮೊದಲು ಕಲಿಯುವ ಕೈಗಳಿಗೆ ಹಣ ತೆಗೆದಿಡಲಿ.